ನೀರು ಎಲ್ಲಿಂದ ಹೊರಗೆ ಬರುತ್ತದೆ

ಕಳೆದ ನವೆಂಬರಿನಲ್ಲಿ ನಾನು ಮಾಡಿದ ಒಂದು ಭಾಷಣವನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಭಾಗ.

ಓಝರಿನಲ್ಲಿ ಕನ್ನಡದವರು ಇದ್ದೇವೆ ಎಂದರೆ ನಮ್ಮ ಕಡೆಯವರಿಗೇ ಆಶ್ಚರ್ಯ. ನಾಸಿಕದಿಂದ ಆಗ್ರಾ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು ಬಂದರೆ ಸಿಗುವ ಈ ಊರಿನಲ್ಲಿ 1960ರ ದಶಕದಲ್ಲಿ ಮಿಗ್ ವಿಮಾನಗಳ ಕಾರ್ಖಾನೆ ಶುರುವಾಯಿತು. ಕಂಪನಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬರುವವರ ಸಾಲು ಇಂದಿಗೂ ನಿಂತಿಲ್ಲ. ಇಲ್ಲಿಯವರು ಊರನ್ನೇ 'ಓಝರ್ ಮಿಗ್' ಎನ್ನುತ್ತಾರೆ. ಟೌನ್‌ಶಿಪ್ಪಿನ ನಾವು ಒಂದಷ್ಟು ಮನೆಯವರು ಪ್ರತಿ ನವೆಂಬರಿನಲ್ಲಿ ಸೇರುತ್ತೇವೆ. ಮಕ್ಕಳ ಹಾಡು, ಒಂದು ಭಾಷಣ, ಬಿಸಿಬೇಳೆಬಾತು. ಕಳೆದ ಸಲ ಭಾಷಣ ನನ್ನ ಪಾಲಿಗೆ ಬಂತು. ಸಿನ್ನರಿನ ಗೋಂದೇಶ್ವರ ದೇವಾಲಯದ ಆರು ಫೋಟೋ ತೋರಿಸಿ 'ಇದು ನಮ್ಮದು' ಅಂದೆ.

ಆಧಾರಗಳನ್ನು ಚೆನ್ನಾಗಿಯೇ ಜೋಡಿಸಿಕೊಂಡಿದ್ದೆ. ಈ ಗುಡಿ ಸೇವುಣರ, ಅಂದರೆ ಮುಂದೆ ದೇವಗಿರಿಯ ಯಾದವರೆಂದು ಹೆಸರಾದವರ ಕಾಲದ್ದು. ಸಿನ್ನರನ್ನೇ ಅವರ ಹಳೆಯ ಸೇವುಣಪುರವೆಂದು ಗುರುತಿಸುತ್ತಾರೆ. ಅವರು ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಸಾಮಂತರು. ಅವರ ಸುಮಾರು 500 ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ. ನಾಣ್ಯಗಳ ಮೇಲೂ ಕನ್ನಡ ಅಕ್ಷರ. ಕೊನೆಗೆ ಕವಿರಾಜಮಾರ್ಗವನ್ನು ತಂದೆ: ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು 9ನೇ ಶತಮಾನದಲ್ಲೇ ಹೇಳಿದೆ, ಆ ಗೋದಾವರಿ ಇಗೋ ನಾಸಿಕದಲ್ಲಿ ಹರಿಯುತ್ತಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಬಾಡಿಗೆ ಮನೆಯಲ್ಲಿರುವವರಿಗೆ ಇದು ಒಂದು ಕಾಲದಲ್ಲಿ ನಿಮ್ಮ ಅಜ್ಜನದೇ ಮನೆ ಎಂದರೆ ಎಷ್ಟು ಹಿತವಾಗುತ್ತದೆಯೋ ಅಷ್ಟು ಹಿತ ಆ ಸಂಜೆ ಎಲ್ಲರ ಮುಖದ ಮೇಲಿತ್ತು.

ನಮ್ಮ ಶಾಪಿನ ಹಿರಿಯ ಫಿಟ್ಟರ್ ಒಬ್ಬರು ಊಟಕ್ಕೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಿನ್ನರ್ ತಾಲೂಕಿನವರೇ. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಕನ್ನಡ ಬರುವುದಿಲ್ಲ, ಆದರೆ ಫೋಟೋಗಳು ಅರ್ಥವಾಗಿದ್ದವು. 'ನಮ್ಮ' ಎಂಬ ಪದವೂ ಅರ್ಥವಾಗಿತ್ತು ಅಂತ ಕಾಣುತ್ತದೆ. ಮಾರನೇ ದಿನ ಚಹಾದ ಹೊತ್ತಿನಲ್ಲಿ ಹಿಂದಿಯಲ್ಲಿ ಕೇಳಿದರು: "ಸಾಹೇಬ್, ಫೋಟೋ ಎಲ್ಲ ಮುಂದಿನಿಂದ ತೆಗೆದಿದ್ದೀರಿ. ಹಿಂದೆ ಹೋಗಿದ್ರಾ? ನೀರು ಎಲ್ಲಿಂದ ಹೊರಗೆ ಬರುತ್ತೆ, ನೋಡಿದ್ರಾ?"

ನೋಡಿರಲಿಲ್ಲ. ಎರಡು ಸಲ ಹೋಗಿ ಬಂದಿದ್ದೆ, ಎರಡು ಸಲವೂ ನೋಡಿರಲಿಲ್ಲ. ಜಗಳಕ್ಕೆ ಕೇಳಿದ ಪ್ರಶ್ನೆಯೇನೂ ಅಲ್ಲ ಅದು. ತಗಡು, ಪೈಪು, ಸೋರಿಕೆಗಳ ನಡುವೆ ಆಯುಷ್ಯ ಕಳೆದ ಮನುಷ್ಯ ಒಂದು ಕಟ್ಟಡದ ಬಗ್ಗೆ ಮೊದಲು ಕೇಳುವ ಪ್ರಶ್ನೆ. ಆದರೆ ನಾನು ಆ ಗುಡಿಯನ್ನು ನೋಡಿರಲಿಲ್ಲ, ಅದರ ಒಡೆಯರನ್ನು ಮಾತ್ರ ಓದಿದ್ದೆ ಎಂಬುದು ಅಲ್ಲಿ ಬಯಲಾಯಿತು.

ಮೊದಲು ಗೋದಾವರಿಯ ವಿಷಯ ಮುಗಿಸುತ್ತೇನೆ, ಏಕೆಂದರೆ ಅದು ನನ್ನದೇ ತಮಾಷೆ. ಓಝರ್ ಇರುವುದು ಗೋದಾವರಿಯ ಉತ್ತರಕ್ಕೆ. ಸಿನ್ನರಿಗೆ ಹೋಗಬೇಕಾದರೆ ಹೆದ್ದಾರಿ ಹಿಡಿದು ನಾಸಿಕಕ್ಕೆ ಬಂದು, ಕನ್ನಮ್‌ವಾರ್ ಸೇತುವೆಯ ಮೇಲೆ ನದಿ ದಾಟಿ, ಪುಣೆ ರಸ್ತೆಗೆ ತಿರುಗಬೇಕು. ಕವಿರಾಜಮಾರ್ಗದ ಗಡಿಯನ್ನು ಅಕ್ಷರಶಃ ಹಿಡಿದರೆ ನಮ್ಮ ಟೌನ್‌ಶಿಪ್ಪು ಕನ್ನಡನಾಡಿನ ಹೊರಗಿದೆ, ಗೋಂದೇಶ್ವರ ಒಳಗಿದೆ. ಇಲ್ಲಿಯವರೆಗೆ ಸರಿ. ಆದರೆ ಇದೇ ಗಡಿಯಲ್ಲಿ ವೇರೂಳದ, ಅಂದರೆ ಎಲ್ಲೋರದ ಕೈಲಾಸವೂ ಹೊರಗೆ ಬೀಳುತ್ತದೆ. ಛತ್ರಪತಿ ಸಂಭಾಜಿನಗರದ ಹತ್ತಿರದ ಆ ಬೆಟ್ಟ ಗೋದಾವರಿಯಿಂದ ಸಾಕಷ್ಟು ಉತ್ತರಕ್ಕಿದೆ. ನದಿ ಹರಿಯುವುದು ದಕ್ಷಿಣದ ಪೈಠಣದ ಬಳಿ. ದೇವಗಿರಿಯೂ ಹೊರಗೇ. ರಾಷ್ಟ್ರಕೂಟ ಕೃಷ್ಣ 8ನೇ ಶತಮಾನದಲ್ಲಿ ಕೈಲಾಸವನ್ನು ಕಡೆಸಿದ. ಅದೇ ಮನೆತನದ ಅಮೋಘವರ್ಷನ ಆಸ್ಥಾನದಲ್ಲಿ ನೂರು ವರ್ಷದೊಳಗೆ ಹುಟ್ಟಿದ ಕೃತಿ, ಮನೆತನದ ಅತಿ ದೊಡ್ಡ ಕಲ್ಲಿನ ಕೆಲಸವನ್ನೇ ನಾಡಿನ ಗಡಿಯಾಚೆ ಬಿಟ್ಟಿತು. ಏಕೆಂದರೆ ಕವಿ ಹೇಳುತ್ತಿದ್ದದ್ದು ಕನ್ನಡ ಆಡುವ ಜನ ಎಲ್ಲಿಯವರೆಗಿದ್ದಾರೆ ಎಂಬುದನ್ನು. ರಾಜ ಎಲ್ಲೆಲ್ಲಿ ಗುಡಿ ಕಟ್ಟಿಸಿದ ಎಂಬುದನ್ನಲ್ಲ. ನಾನು ನವೆಂಬರಿನಲ್ಲಿ ಎರಡನ್ನೂ ಕಲಸಿ ಬಡಿಸಿದ್ದೆ. ಹಾಗೆಯೇ, ಸೇವುಣರ ಕನ್ನಡ ಶಾಸನಗಳು ದಟ್ಟವಾಗಿರುವುದು ಧಾರವಾಡದ ಸುತ್ತಿನ ದಕ್ಷಿಣದಲ್ಲಿ. ಈ ಮಾತನ್ನು ಭಾಷಣದಲ್ಲಿ ನುಂಗಿಕೊಂಡಿದ್ದೆ, ಗೊತ್ತಿದ್ದೂ.

ಶ್ರಾವಣದ ಒಂದು ಸೋಮವಾರ ರಜೆ ಹಾಕಿ ಮತ್ತೆ ಸಿನ್ನರಿಗೆ ಹೋದೆ. ಕಾಕಾ ಜೊತೆಗಿದ್ದರು, ಅವರ ಸ್ಕೂಟರಿನ ಹಿಂದೆ ನಾನು.

ಗೋಂದೇಶ್ವರ ಪಂಚಾಯತನ ಗುಡಿ. ಎತ್ತರದ ಜಗತಿಯ ನಡುವೆ ಪೂರ್ವಕ್ಕೆ ಮುಖಮಾಡಿದ ಶಿವನ ದೊಡ್ಡ ಗುಡಿ, ಎದುರಿಗೆ ನಂದಿಮಂಟಪ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಗುಡಿಗಳು: ಪಾರ್ವತಿ, ಗಣಪತಿ, ಸೂರ್ಯ, ವಿಷ್ಣು. ಸಾಮಾನ್ಯವಾಗಿ 12ನೇ ಶತಮಾನದ್ದೆನ್ನುತ್ತಾರೆ, ಸ್ವಲ್ಪ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಊರಿನವರ ಕತೆಯಲ್ಲಿ ಇದನ್ನು ಕಟ್ಟಿಸಿದವನು ರಾವ್ ಗೋವಿಂದನೆಂಬ ಗವಳಿ ರಾಜ. ಗೋವಿಂದೇಶ್ವರ ಬಾಯಿಂದ ಬಾಯಿಗೆ ಸವೆದು ಗೋಂದೇಶ್ವರ ಆಯಿತಂತೆ.

ಬೇಲೂರು, ಹಳೇಬೀಡುಗಳನ್ನು ಶಾಲಾ ಪ್ರವಾಸದಲ್ಲಿ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಮೊದಲು ಆಗುವುದು ನಿರಾಸೆ. ನನಗೂ ಆಗಿತ್ತು, ಭಾಷಣದಲ್ಲಿ ಅದನ್ನೂ ಹೇಳಿರಲಿಲ್ಲ. ಮುಖಗಳು ಸವೆದಿವೆ. ಬೆರಳು, ಸರ, ಗೆಜ್ಜೆ ಯಾವುದೂ ಹತ್ತಿರದಿಂದ ನೋಡಿದರೆ ಬಾಯಿ ತೆರೆಸುವಂತಿಲ್ಲ. ಈ ನಿರಾಸೆ ಎಲ್ಲಿಂದ ಬರುತ್ತದೆಂದು ಯೋಚಿಸಿದರೆ ಉತ್ತರ ಕಲೆಯಲ್ಲಿಲ್ಲ, ಕಲ್ಲಿನಲ್ಲಿದೆ. 1117ರ ಬೇಲೂರು ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಉಗುರಿನಲ್ಲಿ ಗೀರಬಹುದಾದ ಕಲ್ಲಿನಲ್ಲಿ ಶಿಲ್ಪಿ ಚಿನ್ನದ ಕೆಲಸದವನಂತೆ ಕೂತು ಕೆತ್ತಬಹುದು, ಒಂದು ಬಳೆಯ ಹಿಂದೆ ಇನ್ನೊಂದು ಬಳೆಯನ್ನು ಬಿಡಿಸಿ ಬೆಳಕು ಹಾಯುವಂತೆ ಮಾಡಬಹುದು. ಲಕ್ಕುಂಡಿಯದೂ 1112ರ ಇಟಗಿಯದೂ ಇದೇ ಸೌಕರ್ಯ. ಸಿನ್ನರಿನದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಗಟ್ಟಿ, ಕಪ್ಪು, ಕೆಲವು ಪದರಗಳಲ್ಲಿ ಗಾಳಿಗುಳ್ಳೆಗಳ ತೂತು. ಆ ತೂತುಗಳಲ್ಲಿ ಕಾಲಾಂತರದಲ್ಲಿ ಬೆಳೆದ ಜಿಯೋಲೈಟ್ ಹರಳುಗಳನ್ನು ನೋಡಬೇಕೆಂದರೆ ಸಿನ್ನರಿನಲ್ಲೇ 'ಗಾರಗೋಟಿ' ಎಂಬ ಖನಿಜ ಸಂಗ್ರಹಾಲಯವಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಮೂರ್ತಿಯ ಮೂಗಿನ ತುದಿಗೆ ಬಂದಾಗ ಅಂಥ ಒಂದು ಗುಳ್ಳೆ ಎದುರಾದರೆ ಶಿಲ್ಪಿಯ ಪಾಡೇನು?

ಅವನು ಮಾಡಿದ್ದು ಇಷ್ಟು: ಆಭರಣದ ಆಸೆ ಬಿಟ್ಟ. ಬಿಸಿಲನ್ನು ನಂಬಿದ. ಗೋಂದೇಶ್ವರದ ಗೋಡೆಯಲ್ಲಿ ಮುಖ್ಯವಾದದ್ದು ಮೂರ್ತಿಗಳಲ್ಲ, ಅಡ್ಡಪಟ್ಟಿಗಳು. ಒಂದರ ಮೇಲೊಂದು ಕೂತ ಪಟ್ಟಿಗಳ ಚೂಪು ಅಂಚುಗಳು ಕೆಳಗೆ ಒಂದೊಂದು ಗೆರೆ ನೆರಳು ಬೀಳಿಸುತ್ತವೆ. ಗೋಡೆ ಮೂಲೆಮೂಲೆಯಾಗಿ ಮುಂದೆ ಹಿಂದೆ ಸರಿಯುತ್ತ ಹೋಗುವುದರಿಂದ ಆ ನೆರಳುಗಳು ಮುರಿದು ಮುರಿದು ಸಾಗುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಕಂಡ ಗೋಡೆ ಹನ್ನೊಂದಕ್ಕೆ ಇರಲಿಲ್ಲ. ಬೇಲೂರನ್ನು ಒಂದು ಅಡಿ ದೂರದಿಂದ ನೋಡಬೇಕು, ಇದನ್ನು ಮೂವತ್ತು ಅಡಿಯಿಂದ. ಸೂರ್ಯನ ಗುಡಿಯ ಪಕ್ಕ ಕೂತು ಎರಡು ಗಂಟೆ ಇದೊಂದನ್ನೇ ನೋಡಿದೆ. ಕಾಕಾ ಅಷ್ಟರಲ್ಲಿ ಯಾರೋ ಪರಿಚಯದವರನ್ನು ಹುಡುಕಿಕೊಂಡು ಹೋಗಿ ಬಂದರು.

ಎಲ್ಲೋರದ ಕೈಲಾಸವೂ ಬಸಾಲ್ಟೇ ಅಲ್ಲವೇ, ಅಲ್ಲಿ ಮೂರ್ತಿಗಳು ಮನಸ್ಸನ್ನು ಹಿಡಿದು ಅಲ್ಲಾಡಿಸುತ್ತವಲ್ಲ ಎಂದು ನೀವು ಕೇಳಬಹುದು. ಹೌದು. ಅಲ್ಲಿ ಕಲ್ಲಿನ ಮೇಲೆ ಗಾರೆಯ ಲೇಪವಿತ್ತು, ಬಣ್ಣವಿತ್ತು. ಅದರ ಚೂರುಗಳು ಈಗಲೂ ಅಂಟಿಕೊಂಡಿವೆ. ಅದನ್ನು ರಂಗಮಹಲ್ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ನಾವು ಇಂದು ಮೆಚ್ಚುವ ಬರಿಗಲ್ಲಿನ ಗಾಂಭೀರ್ಯ ಅರ್ಧ ನಮ್ಮ ಕಾಲದ ರುಚಿ.

ಶಿಖರದ ವಿಷಯಕ್ಕೆ ಬಂದಾಗಲೇ ನನ್ನ ಭಾಷಣ ಪೂರ್ತಿ ಕುಸಿದದ್ದು. ಗೋಂದೇಶ್ವರದ ಶಿಖರ ಭೂಮಿಜ ಶೈಲಿಯದು. ನಾಲ್ಕು ದಿಕ್ಕಿಗೆ ಬುಡದಿಂದ ತುದಿಯವರೆಗೆ ಜಾಲರಿಯ ಹಾಗೆ ಕೆತ್ತಿದ ಒಂದೊಂದು ಪಟ್ಟಿ. ಪಟ್ಟಿಗಳ ನಡುವಿನ ಜಾಗದಲ್ಲಿ ಸಾಲುಸಾಲಾಗಿ ಪುಟ್ಟ ಶಿಖರಗಳು, ಮೇಲೆ ಹೋದಂತೆ ಚಿಕ್ಕದಾಗುತ್ತ. ದೂರದಿಂದ ಮೆಕ್ಕೆಜೋಳದ ತೆನೆ ಕಂಡಂತೆ ಕಾಣುತ್ತದೆ. ಈ ರೂಪ ಕನ್ನಡದ್ದೂ ಅಲ್ಲ, ಮರಾಠಿಯದೂ ಅಲ್ಲ. ಇದರ ತವರು ಮಾಳವ, ಪರಮಾರರ ನಾಡು. ಮಧ್ಯಪ್ರದೇಶದ ಉದಯಪುರದಲ್ಲಿ ಪರಮಾರ ಉದಯಾದಿತ್ಯ ಕಟ್ಟಿಸಿದ 11ನೇ ಶತಮಾನದ ಉದಯೇಶ್ವರ ಇದರ ಹೆಸರಾಂತ ಮಾದರಿ. ಮುಂಬೈ ಪಕ್ಕದ ಅಂಬರನಾಥಕ್ಕೆ 1060ರ ಹೊತ್ತಿಗೇ ಅದು ಬಂದಿತ್ತು, ಶಿಲಾಹಾರರ ಕಾಲದಲ್ಲಿ. ಅಲ್ಲಿಂದ ಘಟ್ಟ ಹತ್ತಿದರೆ ನಾಸಿಕ.

ಹಾಗಾದರೆ ಕನ್ನಡಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲವೇ? ಇದೆ, ನಾನು ಹೇಳಿದ್ದು ಮಾತ್ರ ಅದಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರದ ಗೋಡೆಯ ಮೇಲೆ ಅಂಗೈ ಮೊಳದಷ್ಟು ಅಳತೆಯಲ್ಲಿ ಉತ್ತರದ ಬಗೆಬಗೆಯ ಶಿಖರಗಳನ್ನು ಉಬ್ಬುಶಿಲ್ಪವಾಗಿ ಕೆತ್ತಿದ್ದಾರೆ. ನಮ್ಮ ಕಡೆಯ ಶಿಲ್ಪಿಗಳಿಗೆ ಉತ್ತರದಲ್ಲಿ ಏನು ನಡೆಯುತ್ತಿದೆಯೆಂದು ಚೆನ್ನಾಗಿ ಗೊತ್ತಿತ್ತು. ತಮ್ಮ ಗುಡಿಯ ಮೈಮೇಲೆ ಅದನ್ನು ಒಂದು ಉದ್ಧರಣೆಯಂತೆ ಹಾಕಿಕೊಂಡರು. ಅವರಲ್ಲಿ ಉದ್ಧರಣೆಯಾಗಿದ್ದದ್ದು ಸಿನ್ನರಿನಲ್ಲಿ ಇಡೀ ಗುಡಿಯ ಮಾತೇ ಆಗಿದೆ. ಲಕ್ಕುಂಡಿಯನ್ನು ಚೆನ್ನಾಗಿ ನೋಡಿದವರಿಗೆ ಸಿನ್ನರಿನಲ್ಲಿ ಒಂದು ಖುಷಿ ಇದೆ: ಅಲ್ಲಿ ಗೊಂಬೆಯಾಗಿ ಕಂಡದ್ದನ್ನು ಇಲ್ಲಿ ತಲೆಯೆತ್ತಿ ನೋಡುವ ಖುಷಿ. ಮಾಲೀಕನಿಗೆ ಸಿಗುವ ಖುಷಿಯಲ್ಲ ಅದು.

ಮಂಟಪದೊಳಗಿನ ಕಂಬಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈಗಲೂ ಅಷ್ಟಾಗಿ ಹಿಡಿಸಿಲ್ಲ. ಚಿಕ್ಕ ಚಿಕ್ಕ ಚೌಕಗಳಲ್ಲಿ ತುಂಬಿದ ಬೊಂಬೆಗಳು ಕಲ್ಲಿನ ವಿರುದ್ಧ ಕೆತ್ತಿದಂತಿವೆ, ಹೊರಗಿನ ಗೋಡೆಯಲ್ಲಿ ಬಿಟ್ಟ ಆಸೆಯನ್ನು ಒಳಗೆ ಕದ್ದು ತೀರಿಸಿಕೊಂಡ ಹಾಗೆ. ಮುಂದೆ ಹೋಗೋಣ.

ಕಾಕಾ ಕೇಳಿದ ಜಾಗ ಉತ್ತರದ ಗೋಡೆಯಲ್ಲಿದೆ. ಗರ್ಭಗುಡಿಯ ಅಭಿಷೇಕದ ನೀರು ಗೋಡೆಯೊಳಗಿಂದ ಹಾದು ಹೊರಗೆ ಬೀಳುವ ಪ್ರಣಾಳ. ನಮ್ಮ ಕಡೆ ಗೋಮುಖ ಅನ್ನುವುದೂ ಉಂಟು, ಇಲ್ಲಿರುವುದು ಮಕರದ ಮುಖ. ಸುರುಳಿ ಸುತ್ತಿ ಮೇಲೆದ್ದ ಸೊಂಡಿಲು, ಮೊಸಳೆಯ ದವಡೆ, ಉಬ್ಬಿದ ಕಣ್ಣು. ಅವತ್ತು ಶ್ರಾವಣ ಸೋಮವಾರವಾದ್ದರಿಂದ ಒಳಗೆ ತಂಬಿಗೆಯ ಮೇಲೆ ತಂಬಿಗೆ ನೀರು. ಹೊರಗೆ ಮಕರದ ಬಾಯಿಂದ ಬಿಲ್ವದ ಎಲೆಯ ಚೂರು, ಹಾಲಿನ ಬಿಳಿಪು ಬೆರೆತ ಸಣ್ಣ ಧಾರೆ.

ಇಷ್ಟು ಹೊತ್ತು ಅಂಚು, ಗೆರೆ, ನೆರಳಿನಲ್ಲೇ ಮಾತಾಡಿದ ಶಿಲ್ಪಿ ಇಲ್ಲಿ ಒಮ್ಮೆಲೇ ಪ್ರಾಣಿಯನ್ನು ಕೆತ್ತಿದ್ದಾನೆ, ಅದೂ ಗೋಡೆಯಿಂದ ಹೊರಗೆ ಚಾಚಿಕೊಂಡಂತೆ. ಬಳಪದ ಕಲ್ಲಿನವನಾಗಿದ್ದರೆ ಪ್ರತಿ ಸುರುಳಿಯನ್ನೂ ಆಳವಾಗಿ ಬಿಡಿಸುತ್ತಿದ್ದ. ಇವನು ಸುರುಳಿಗಳನ್ನು ಗೀರಿನಲ್ಲಿ ಮುಗಿಸಿ ಆಳವನ್ನೆಲ್ಲ ಬಾಯಿಗೆ ಕೊಟ್ಟಿದ್ದಾನೆ. ಬಾಯಿಯೊಳಗಿನ ಕತ್ತಲೇ ಆ ಶಿಲ್ಪದ ಜೀವ. ಕತ್ತಲು ಅಲ್ಲಿದ್ದರೇ ನೀರು ಎಲ್ಲಿಂದಲೋ ಬಂತು ಎನಿಸುವುದು.

ಇನ್ನೊಂದು ಸಂಗತಿ ಜನ ನಡೆಯುವುದನ್ನು ನೋಡಿದಾಗ ಹೊಳೆಯಿತು. ಶಿವನ ಗುಡಿಯಲ್ಲಿ ಪೂರ್ತಿ ಪ್ರದಕ್ಷಿಣೆ ಇಲ್ಲ, ಸೋಮಸೂತ್ರ ದಾಟಬಾರದು ಎಂಬುದು ನಿಮಗೆ ಗೊತ್ತು. ದಕ್ಷಿಣದಿಂದ ಸುತ್ತಿ ಬಂದವರು ಪ್ರಣಾಳದ ಹತ್ತಿರ ನಿಂತು, ಬಂದ ದಾರಿಯಲ್ಲೇ ಹಿಂತಿರುಗಿ, ಮುಂಬಾಗಿಲು ಹಾದು ಇನ್ನೊಂದು ಕಡೆಯಿಂದ ಅದೇ ಪ್ರಣಾಳದವರೆಗೆ ಬರುತ್ತಾರೆ. ಹೀಗಾಗಿ ಭಕ್ತನೊಬ್ಬ ಮಕರವನ್ನು ನೋಡುವುದು ಎರಡು ಸಲ, ಎರಡು ಪಕ್ಕಗಳಿಂದ. ಎದುರಿನಿಂದ ನೋಡುವುದು ಅಪರೂಪ. ಆಮೇಲೆ ನಾನು ಎದುರಿಗೆ ಹೋಗಿ ನಿಂತೆ. ಅಲ್ಲಿಂದ ಅದು ಬರೀ ಒಂದು ಉಬ್ಬು, ಯಾವ ಪ್ರಾಣಿಯೆಂದೂ ತಿಳಿಯುವುದಿಲ್ಲ. ಪಕ್ಕಕ್ಕೆ ಬಂದರೆ ಸೊಂಡಿಲು, ದವಡೆ, ಕಣ್ಣು ಮೂರೂ ಒಂದೇ ಓಟದ ಗೆರೆಯಲ್ಲಿ ಕೂಡಿಕೊಳ್ಳುತ್ತವೆ. ಕೆತ್ತಿದವನು ಜನರ ಕಾಲಿನ ದಾರಿಯನ್ನು ಲೆಕ್ಕ ಹಾಕಿಯೇ ಕೆತ್ತಿದ್ದಾನೆ ಎಂದು ನನ್ನ ಓದು. ಈ ಗುಡಿಯ ಅತ್ಯುತ್ತಮ ಶಿಲ್ಪ ಇದು ಎಂದೂ ನನ್ನ ಅಭಿಪ್ರಾಯ. ನವೆಂಬರಿನ ಆರು ಫೋಟೋಗಳಲ್ಲಿ ಇದು ಇರಲಿಲ್ಲ.

ಮಕರದ ಚಿತ್ರ ತೆಗೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿರುವ ಕಾಲೇಜು ಗೆಳೆಯನಿಗೆ ಕಳಿಸಿದೆ. ಕಲ್ಲು, ಗುಡಿ, ಶಾಸನದ ಹುಚ್ಚು ನಮ್ಮಿಬ್ಬರಿಗೂ ಒಂದೇ ಹಾಸ್ಟೆಲಿನಲ್ಲಿ ಹತ್ತಿದ್ದು. ಅವನು ಅದಕ್ಕೆ ಉತ್ತರವಾಗಿ ಹೆರೆಫರ್ಡ್‌ಶೈರಿನ ಹಳ್ಳಿ ಚರ್ಚುಗಳ ಚಿತ್ರ ಕಳಿಸಿದ. ಅರ್ಡಿಸ್ಲಿ, ಕ್ಯಾಸಲ್ ಫ್ರೋಮ್, ಕಿಲ್‌ಪೆಕ್. ಎಲ್ಲವೂ ಗೋಂದೇಶ್ವರದ ಆಸುಪಾಸಿನ ಕಾಲದವು, 12ನೇ ಶತಮಾನದ ನಡುಭಾಗ. ಅರ್ಡಿಸ್ಲಿಯದು ದೀಕ್ಷಾಸ್ನಾನದ ಕಲ್ಲುತೊಟ್ಟಿ: ಬಳ್ಳಿಯ ಎಳೆಗಳಲ್ಲಿ ಸಿಕ್ಕಿಕೊಂಡು ಕಾದಾಡುವ ಇಬ್ಬರು ಯೋಧರು, ಒಂದು ದೊಡ್ಡ ಸಿಂಹ. ಕ್ಯಾಸಲ್ ಫ್ರೋಮಿನ ತೊಟ್ಟಿಯ ಮೇಲೆ ಕ್ರಿಸ್ತ ಮೀನುಗಳಿರುವ ದುಂಡನೆಯ ಕೊಳದಲ್ಲಿ ನಿಂತು ದೀಕ್ಷಾಸ್ನಾನ ಪಡೆಯುತ್ತಿದ್ದಾನೆ, ಇಡೀ ತೊಟ್ಟಿಯನ್ನು ಕೆಳಗೆ ಕುಕ್ಕರುಗಾಲಿನ ಆಕೃತಿಗಳು ಹೊತ್ತಿವೆ. ಕಿಲ್‌ಪೆಕ್ಕಿನ ಬಾಗಿಲಲ್ಲಿ ಬಾಯಿಂದ ಬಳ್ಳಿ ಕಕ್ಕುವ ಒಂದು ಮುಖ. ನಮ್ಮ ಕೀರ್ತಿಮುಖವನ್ನು ನೋಡಿದವರು ಒಂದು ಕ್ಷಣ ಬೆಚ್ಚುತ್ತಾರೆ.

ಬೆಚ್ಚುವುದಕ್ಕಿಂತ ವ್ಯತ್ಯಾಸ ನೋಡುವುದು ಲಾಭ. ಅಲ್ಲಿ ಪವಿತ್ರವಾದ ನೀರು ತೊಟ್ಟಿಯಲ್ಲಿ ನಿಲ್ಲುತ್ತದೆ. ಆ ನೀರನ್ನು ಮಾಟಮಂತ್ರಕ್ಕೆ ಕದಿಯುತ್ತಾರೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ 1236ರಲ್ಲಿ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಲು ಆಜ್ಞೆ ಮಾಡಿದರು. ಇಲ್ಲಿ ನೀರು ನಿಲ್ಲುವುದಿಲ್ಲ, ಗೋಡೆ ತೂರಿ ಹೊರಗೆ ಬರುತ್ತದೆ. ಬೀಗ ಇರುವುದು ಒಳಗೆ, ಮೂರ್ತಿಯ ಹತ್ತಿರ ಯಾರು ಹೋಗಬೇಕು ಯಾರು ಹೋಗಬಾರದು ಎಂಬಲ್ಲಿ. ಗರ್ಭಗುಡಿಯೊಳಕ್ಕೆ ಕಾಲಿಡಲು ಬಿಡದ ಜನರಿಗೂ ಆ ದೇವರನ್ನು ಮುಟ್ಟಿ ಬಂದ ನೀರು ಗೋಡೆಯಾಚೆ ಸಿಗುತ್ತಿತ್ತು ಎಂದು ಯೋಚಿಸಿದರೆ ಶಿಲ್ಪಿ ತನ್ನ ಪ್ರಾಣಿಯನ್ನು ಅಲ್ಲೇ ಏಕೆ ಇಟ್ಟನೆಂಬುದು ಬೇರೆ ರೀತಿ ಕಾಣಬಹುದು. ನಾನು ಇದನ್ನು ಸಿಹಿ ಮಾಡಿ ಹೇಳುತ್ತಿಲ್ಲ. ಹೊರಗೆ ನಿಲ್ಲಿಸಿದ್ದು ಹೊರಗೆ ನಿಲ್ಲಿಸಿದ್ದೇ.

ಗೆಳೆಯ ಕಳಿಸಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಶಿಲ್ಪಗಳಲ್ಲ, ಅವುಗಳಿಗಿಟ್ಟ ಹೆಸರು. ಆ ಮೂರು ಚರ್ಚುಗಳ ಕೆಲಸವನ್ನು ವಿದ್ವಾಂಸರು 'ಹೆರೆಫರ್ಡ್‌ಶೈರ್ ಸ್ಕೂಲ್' ಅನ್ನುತ್ತಾರೆ. ಒಂದು ಜಿಲ್ಲೆಯಲ್ಲಿ ಓಡಾಡಿದ ಶಿಲ್ಪಿಗಳ ಒಂದು ಬಳಗ ಎಂದು ಅರ್ಥ. ಆ ಬಳಗದ ಕೈಯಲ್ಲಿ ಏನೇನು ಬೆರೆತಿದೆ ಎಂದು ಹುಡುಕುತ್ತ ವೈಕಿಂಗರ ಹಾವು ಹೆಣಿಗೆಯವರೆಗೂ, ಶಾಬ್ಡನ್ ಚರ್ಚು ಕಟ್ಟಿಸಿದ ಆಲಿವರ್ ಡಿ ಮರ್ಲಿಮಂಡ್ ಸ್ಪೇನಿನ ಸ್ಯಾಂಟಿಯಾಗೋಕ್ಕೆ ಮಾಡಿದ ಯಾತ್ರೆಯವರೆಗೂ ಹೋಗುತ್ತಾರೆ. ನಾವೋ, ಎಲ್ಲಕ್ಕೂ ರಾಜಮನೆತನದ ಹೆಸರಿಡುತ್ತೇವೆ. ಹೊಯ್ಸಳ ಶೈಲಿ, ಚಾಲುಕ್ಯ ಶೈಲಿ, ಯಾದವ ಶೈಲಿ. ಕಲ್ಲಿನ ಕೆಲಸಕ್ಕೆ ರಾಜನ ಹೆಸರಿಟ್ಟ ಗಳಿಗೆಯಲ್ಲೇ ಆ ಕಲ್ಲು ಬಾವುಟವಾಗುತ್ತದೆ. ಬಾವುಟ ಯಾರದೆಂದು ಕೇಳಬಹುದು, ಹೇಗೆ ಕೆತ್ತಿದರು ಎಂದು ಯಾರೂ ಕೇಳುವುದಿಲ್ಲ. ನವೆಂಬರಿನಲ್ಲಿ ನಾನು ಹಾರಿಸಿದ್ದು ಅದನ್ನೇ.

ಹೆನ್ರಿ ಕಸಿನ್ಸ್ ಎಂಬ ಪುರಾತತ್ವ ಇಲಾಖೆಯ ಅಧಿಕಾರಿಯ ಎರಡು ದಪ್ಪ ಪುಸ್ತಕಗಳಿವೆ. ಒಂದು 1926ರದ್ದು, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ. ಇನ್ನೊಂದು 1931ರದ್ದು, ದಖ್ಖನಿನ ಮಧ್ಯಯುಗದ ಗುಡಿಗಳ ಮೇಲೆ. ಲಕ್ಕುಂಡಿ ಮೊದಲನೆಯದರಲ್ಲಿದೆ, ಸಿನ್ನರ್ ಎರಡನೆಯದರಲ್ಲಿ. ಎರಡನ್ನೂ ನೋಡಿದವನು ಒಬ್ಬನೇ, ಆಗ ಎರಡೂ ಕಡೆ ಮುಂಬೈ ಪ್ರಾಂತ್ಯವೇ. ಆದರೂ ಪುಸ್ತಕ ಎರಡಾಯಿತು, 1956ರಲ್ಲಿ ರಾಜ್ಯಗಳೂ ಬೇರೆಯಾದವು. ಈಗ ಧಾರವಾಡದಲ್ಲಿ ಓದುವ ಹುಡುಗ ಮೊದಲನೆಯದನ್ನು ತೆರೆಯುತ್ತಾನೆ, ನಾಸಿಕದ ಹುಡುಗ ಎರಡನೆಯದನ್ನು. ಲಕ್ಕುಂಡಿಯ ಗೊಂಬೆಶಿಖರವೂ ಸಿನ್ನರಿನ ನಿಜಶಿಖರವೂ ಒಂದೇ ಮೇಜಿನ ಮೇಲೆ ಕೂಡುವುದು ಕಡಿಮೆ.

ಸಿನ್ನರಿನಲ್ಲಿ ಇನ್ನೊಂದು ಗುಡಿಯಿದೆ, ಐಶ್ವರ್ಯೇಶ್ವರ. ಚಿಕ್ಕದು, ಜೀರ್ಣವಾದದ್ದು. ಪ್ರವಾಸಕ್ಕೆ ಬಂದವರು ಸಾಮಾನ್ಯವಾಗಿ ಹೋಗುವುದಿಲ್ಲ, ನಾನೂ ಮೊದಲೆರಡು ಸಲ ಹೋಗಿರಲಿಲ್ಲ. ಈ ಸಲ ಮಧ್ಯಾಹ್ನ ಕಾಕಾ ಕರೆದುಕೊಂಡು ಹೋದರು. ಒಳಗಿನ ಮಕರತೋರಣವನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಎರಡು ಮಕರಗಳ ಬಾಯಿಂದ ಹೊರಟು ಬಾಗುವ ಆ ಕಮಾನು, ಅದರ ತುಂಬು ಬಳ್ಳಿ, ಇವು ಕಲ್ಯಾಣದ ಚಾಲುಕ್ಯರ ನಾಡಿನ ಕೆಲಸಕ್ಕೆ ಎಷ್ಟು ಹತ್ತಿರವೆಂದರೆ ಗದಗದ ಕಡೆಯವರಿಗೆ ಪರಿಚಯ ಹೇಳಬೇಕಾಗಿಲ್ಲ. ಕನ್ನಡದ ಉಚ್ಚಾರ ಕೇಳಬೇಕೆಂದಿದ್ದರೆ ಅದು ಇಲ್ಲಿತ್ತು, ಬಳಪದ ಕಲ್ಲಿನವನೊಬ್ಬ ಬಸಾಲ್ಟಿನಲ್ಲಿ ತೊದಲುತ್ತ ಮಾತಾಡಿದ ಹಾಗೆ. ನಾನು ಹಕ್ಕು ಹೂಡಿದ್ದು ಮಾತ್ರ ಅರ್ಧ ಮೈಲಿ ಆಚೆಯ ದೊಡ್ಡ ಗುಡಿಯ ಮೇಲೆ, ಫೋಟೋದಲ್ಲಿ ಅದು ಚೆನ್ನಾಗಿ ಬರುತ್ತದೆಂಬ ಕಾರಣಕ್ಕೆ.

ವಾಪಸು ಬರುವಾಗ ಕಾಕಾ ಗೋಂದೇಶ್ವರವನ್ನು 'ಹೇಮಾಡಪಂಥಿ' ಅಂದರು. ಇಲ್ಲಿ ಎಲ್ಲ ಹಳೆಯ ಕರಿಕಲ್ಲಿನ ಗುಡಿಗೂ ಅದೇ ಹೆಸರು. ಹೇಮಾದ್ರಿ ಪಂಡಿತ 13ನೇ ಶತಮಾನದ ಕೊನೆಯ ಯಾದವ ರಾಜರ ಮಂತ್ರಿ. ಗೋಂದೇಶ್ವರ ಅವನಿಗಿಂತ ಹಳೆಯದು ಎಂದು ನನ್ನ ಜಾಣತನ ಶುರುಮಾಡುವವನಿದ್ದೆ. ಅಷ್ಟರಲ್ಲಿ ನಮ್ಮ ಜಕಣಾಚಾರಿ ನೆನಪಾದ. ನಮ್ಮಲ್ಲೂ ಹಾಗೇ ಅಲ್ಲವೇ? ಕೈದಾಳದಿಂದ ಹಳೇಬೀಡಿನವರೆಗೆ ಎಲ್ಲವನ್ನೂ ಒಬ್ಬನೇ ಕಡೆದ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ಕೆತ್ತಿಟ್ಟು ಹೋಗಿದ್ದರೂ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಸಹಿಯ ಮೇಲೆ ಸಹಿ ಹಾಕಿದ್ದರೂ, ಗೈಡು ಹೇಳುವುದು ಜಕಣಾಚಾರಿಯ ಕತೆ. ಬಳ್ಳಿಗಾವೆಯಿಂದ ಬೇಲೂರಿಗೆ ದಾಸೋಜನೂ ಕೆಲಸಕ್ಕೆಂದೇ ಬಂದವನು. ನಮ್ಮ ಹಾಗೆ ವರ್ಗಾವಣೆ ಪತ್ರ ಇತ್ತೋ ಇಲ್ಲವೋ. ತನ್ನ ಊರಿನ ಹೆಸರನ್ನು ಸಹಿಯಲ್ಲಿ ಸೇರಿಸಿದ, ಗುಡಿ ನಮ್ಮ ಊರಿನದು ಅನ್ನಲಿಲ್ಲ. ಸಿನ್ನರಿನಲ್ಲಿ ನನಗೆ ಒಂದು ಸಹಿಯೂ ಕಾಣಲಿಲ್ಲ.

ನನ್ನ ಭಾಷಣದಲ್ಲಿ ಉಳಿಯುವ ಕಾಲು ಭಾಗ ಯಾವುದೆಂದು ಕೇಳಿದರೆ: ಶಾಸನಗಳ ಲೆಕ್ಕ ಉಳಿಯುತ್ತದೆ, ಅವು ಎಲ್ಲಿವೆ ಎಂಬ ಮಾತಿನ ಸಮೇತ. ನಾಣ್ಯಗಳು ಉಳಿಯುತ್ತವೆ. ಗೋದಾವರಿಯನ್ನು ಇನ್ನು ಸುಮ್ಮನೆ ಹರಿಯಲು ಬಿಡುತ್ತೇನೆ. ಈ ನವೆಂಬರಿಗೂ ಭಾಷಣ ನನ್ನದೇ ಅಂತ ಈಗಾಗಲೇ ಗುಂಪಿನಲ್ಲಿ ಹಾಕಿದ್ದಾರೆ. ಮೊದಲ ಫೋಟೋ ಮಕರದ್ದು ಇರಲಿ ಎಂದುಕೊಂಡಿದ್ದೇನೆ, ಪಕ್ಕದಿಂದ ತೆಗೆದದ್ದು.

ಅದನ್ನು ತೆಗೆಯುವಾಗ ನಡೆದ ಒಂದು ಸಂಗತಿ. ನಾನು ಮೊಬೈಲು ಹಿಡಿದು ಪ್ರಣಾಳದ ಪಕ್ಕದಲ್ಲೇ ನಿಂತಿದ್ದೆ. ಕಾಕಾ ಬಗ್ಗಿ ಮಕರದ ಕೆಳದವಡೆಯ ಅಡಿಗೆ ಬೆರಳಾಡಿಸಿ ನೋಡುತ್ತಿದ್ದರು. ಅಲ್ಲಿ ಅಂಚಿನುದ್ದಕ್ಕೂ ಒಂದು ಸಣ್ಣ ಗಾಡಿಯಂಥ ತಗ್ಗು ಇತ್ತು. ನೀರು ದವಡೆಯಡಿ ಹಿಂದಕ್ಕೆ ಹರಿದು ಗೋಡೆಗೆ ಅಂಟದೆ ಅಲ್ಲೇ ಕಡಿದು ಕೆಳಗೆ ಬೀಳಲಿ ಎಂದು. ನಾವು ತಗಡಿನ ಅಂಚಿಗೆ ಮಾಡುವುದೂ ಅದನ್ನ. "ಇವನು ಕೆಲಸ ಕಲಿತವನು," ಅಂದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ, ಕೈಯಲ್ಲಿ ಖಾಲಿ ತಂಬಿಗೆ, ಮರಾಠಿಯಲ್ಲಿ ಗದರಿದರು: "ಬಾಳಾ, ಸ್ವಲ್ಪ ಸರಿ. ತೀರ್ಥ ಹಿಡಿಯೋರಿಗೆ ಜಾಗ ಬಿಡು."

ಸರಿದೆ.